ಖರ್ಚಿಲ್ಲದೆ ಆನ್‌ಲೈನ್ ಪ್ರಚಾರ: ಕೊಪ್ಪಳದ ಕೈಕಸುಬಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಿನ್ನಾಳದ ಗೊಂಬೆ, ಕುಷ್ಟಗಿ ಕಡೆಯ ಮಗ್ಗಗಳ ಇಳಕಲ್ ಸೀರೆ, ಆನೆಗೊಂದಿಯ ಬಾಳೆ ನಾರಿನ ಚೀಲ, ಊರೂರಲ್ಲಿ ಹೊಲಿಯುವ ಕೌದಿ. ಇವನ್ನು ಕೊಳ್ಳುವವರು ಬೆಂಗಳೂರಿನಲ್ಲೂ ಇದ್ದಾರೆ, ಪುಣೆಯಲ್ಲೂ ಇದ್ದಾರೆ. ಮಾಡುವವರ ನಂಬರ್ ಅವರಿಗೆ ಸಿಗುವುದಿಲ್ಲ, ಅಷ್ಟೆ. ಗವಿಮಠದ ಜಾತ್ರೆ ಮುಗಿದ ಮೇಲೆ ಮುಂದಿನ ಗಿರಾಕಿ ಎಲ್ಲಿಂದ ಬರಬೇಕು ಎಂದು ಕೇಳುವ ಕಸುಬುದಾರರಿಗಾಗಿ ಈ ಉತ್ತರಗಳು.

ನಿಜವಾಗಿಯೂ ಒಂದು ರೂಪಾಯಿ ಹಾಕದೆ ಪ್ರಚಾರ ಆಗುತ್ತದೆಯೇ?

ಆಗುತ್ತದೆ. ಆದರೆ ದುಡ್ಡಿನ ಜಾಗದಲ್ಲಿ ಸಮಯ ಕೊಡಬೇಕು. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅದು ದಿನಾ ಆಗಬೇಕು. ಒಂದೇ ಭಾನುವಾರ ಕೂತು ಐವತ್ತು ಫೋಟೋ ಏರಿಸಿ ಎರಡು ತಿಂಗಳು ಆ ಕಡೆ ತಿರುಗಿ ನೋಡದಿದ್ದರೆ ಏನೂ ಆಗುವುದಿಲ್ಲ. ಗಿರಾಕಿ ಬೆಳಿಗ್ಗೆ "ರೇಟ್ ಎಷ್ಟ್ರೀ?" ಎಂದು ಕೇಳಿ ರಾತ್ರಿಯವರೆಗೆ ಉತ್ತರ ಬರದಿದ್ದರೆ ಬೇರೆ ಕಡೆ ಕೊಂಡುಬಿಟ್ಟಿರುತ್ತಾರೆ. ಸಣ್ಣ ವ್ಯಾಪಾರಗಳು ಆನ್‌ಲೈನ್‌ನಲ್ಲಿ ಸೋಲುವುದಕ್ಕೆ ಕೆಟ್ಟ ಫೋಟೋಗಿಂತಲೂ ತಡವಾದ ಉತ್ತರವೇ ದೊಡ್ಡ ಕಾರಣ.

ಹತ್ತು ಆ್ಯಪ್ ಇವೆ. ಯಾವುದರಿಂದ ಶುರು ಮಾಡಬೇಕು?

ಮೊದಲ ಮೂರು ತಿಂಗಳು ಎರಡೇ ಸಾಕು: ವಾಟ್ಸಾಪ್ ಬಿಸಿನೆಸ್ ಮತ್ತು ಗೂಗಲ್ ಬಿಸಿನೆಸ್ ಪ್ರೊಫೈಲ್. ಒಂದರಲ್ಲಿ ಮಾತುಕತೆ ಮತ್ತು ವ್ಯಾಪಾರ ನಡೆಯುತ್ತದೆ, ಇನ್ನೊಂದರಿಂದ ಹುಡುಕುವವರಿಗೆ ನೀವು ಸಿಗುತ್ತೀರಿ. ಇವೆರಡು ಕೈಗೆ ಹತ್ತಿದ ಮೇಲೆ ಇನ್‌ಸ್ಟಾಗ್ರಾಂ ಸೇರಿಸಿ. ಒಂದೇ ಬಾರಿಗೆ ಐದು ಖಾತೆ ತೆರೆದವರಲ್ಲಿ ಹೆಚ್ಚಿನವರು ಐದನ್ನೂ ಅರ್ಧಕ್ಕೆ ಬಿಡುತ್ತಾರೆ. ವರ್ಷದಿಂದ ಹೊಸ ಫೋಟೋ ಇಲ್ಲದ ಪುಟವನ್ನು ಕಂಡವರು ಅಂಗಡಿ ಮುಚ್ಚಿದೆ ಎಂದೇ ತಿಳಿಯುತ್ತಾರೆ.

ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಹೆಸರು ಬರುವಂತೆ ಮಾಡುವುದು ಹೇಗೆ? ಯಾರೋ ಐದು ಸಾವಿರ ಕೇಳುತ್ತಿದ್ದಾರೆ.

ಕೊಡಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. "ನಾವು ಗೂಗಲ್‌ನವರು, ದುಡ್ಡು ಕಟ್ಟದಿದ್ದರೆ ನಿಮ್ಮ ಹೆಸರು ತೆಗೆಯುತ್ತೇವೆ" ಎಂದು ಫೋನ್ ಮಾಡುವವರು ಗೂಗಲ್‌ನವರಲ್ಲ.

ಮೊದಲು ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹಾಕಿ ಹುಡುಕಿ ನೋಡಿ. ಯಾರೋ ಪ್ರವಾಸಿಗರು ಆಗಲೇ ಸೇರಿಸಿದ್ದರೆ ಅಲ್ಲೇ ಮಾಲೀಕತ್ವ ಕೇಳುವ ಆಯ್ಕೆ ಇರುತ್ತದೆ, ಅದನ್ನೇ ಒತ್ತಿ. ಎರಡನೇ ಬಾರಿ ಹೊಸದಾಗಿ ಸೇರಿಸಿದರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಇಲ್ಲದಿದ್ದರೆ ಹೆಸರು, ವರ್ಗ, ಜಾಗ, ಫೋನ್ ನಂಬರ್, ತೆರೆದಿರುವ ಹೊತ್ತು ತುಂಬಿ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲೆ ಇರುವುದನ್ನಷ್ಟೇ ಬರೆಯಿರಿ. "ಕಿನ್ನಾಳ ಗೊಂಬೆ ಹೋಲ್‌ಸೇಲ್ ರಿಟೇಲ್ ಬೆಸ್ಟ್ ಕೊಪ್ಪಳ" ಎಂದು ತುಂಬಿದರೆ ಪ್ರೊಫೈಲ್ ಅಮಾನತಾಗಬಹುದು. ಅವೆಲ್ಲ ಹೇಳಿಕೊಳ್ಳಲು ವಿವರಣೆಯ ಜಾಗದಲ್ಲಿ 750 ಅಕ್ಷರಗಳವರೆಗೆ ಅವಕಾಶವಿದೆ.

ಬಹಳ ಜನ ನಿಂತುಹೋಗುವುದು ಪರಿಶೀಲನೆಯ ಹಂತದಲ್ಲಿ. ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಅದು ಎಲ್ಲೂ ಕತ್ತರಿಸದೆ ಒಂದೇ ಸಲಕ್ಕೆ ತೆಗೆದ, ಕನಿಷ್ಠ 30 ಸೆಕೆಂಡಿನ ವಿಡಿಯೋ ಆಗಿರಬೇಕು. ಬೀದಿಯಿಂದ ಶುರು ಮಾಡಿ. ಪಕ್ಕದ ಅಂಗಡಿಯ ಬೋರ್ಡೋ ಗುಡಿಯೋ ಶಾಲೆಯೋ ಕಾಣಲಿ. ಆಮೇಲೆ ನಿಮ್ಮ ಬೋರ್ಡು, ಬಾಗಿಲು ತೆರೆಯುವುದು, ಒಳಗಿನ ಉಳಿ, ಬಣ್ಣದ ಡಬ್ಬಿ, ಅರ್ಧ ಮಾಡಿದ ಗೊಂಬೆ. ಮುಖ ತೋರಿಸಬೇಕಾಗಿಲ್ಲ. ಬೋರ್ಡೇ ಇಲ್ಲದಿರುವುದು ತಿರಸ್ಕಾರಕ್ಕೆ ದೊಡ್ಡ ಕಾರಣ. ಹಲಗೆಯ ಮೇಲೆ ಕೈಯಲ್ಲಿ ಬಣ್ಣದಿಂದ ಬರೆದು ಗೋಡೆಗೆ ಕಾಯಂ ಆಗಿ ಹೊಡೆದ ಬೋರ್ಡೂ ನಡೆಯುತ್ತದೆ. ಗೊಂಬೆಗೆ ಬಣ್ಣ ಹಚ್ಚುವವರ ಕೈಬರಹದ ಬೋರ್ಡು ಫ್ಲೆಕ್ಸ್‌ಗಿಂತ ಚೆನ್ನಾಗಿಯೂ ಇರುತ್ತದೆ.

ಪಿನ್ ಇಡುವಾಗ ನಕ್ಷೆಯನ್ನು ದೊಡ್ಡದು ಮಾಡಿ ನಿಮ್ಮ ಮನೆ ಬಾಗಿಲಿನ ಮೇಲೇ ಇಡಿ. ಹಂಪಿ, ಅಂಜನಾದ್ರಿ ನೋಡಿ ಕಾರಿನಲ್ಲಿ ಬರುವವರು ಊರಿನ ಅಗಸಿಯ ಹತ್ತಿರ ಗೊತ್ತಾಗದೆ ವಾಪಸ್ ಹೋಗುವುದು ಇದರಿಂದಲೇ.

ಮನೆಯಲ್ಲೇ ಕೌದಿ ಹೊಲಿಯುತ್ತೇವೆ. ವಿಳಾಸ, ನಂಬರ್ ಹಾಕಲು ಹೆದರಿಕೆ.

ಈ ಹೆದರಿಕೆ ಸಹಜ, ಇದಕ್ಕೆ ದಾರಿಯೂ ಇದೆ. ಗೂಗಲ್ ಪ್ರೊಫೈಲ್‌ನಲ್ಲಿ ಮನೆ ವಿಳಾಸವನ್ನು ಮರೆಮಾಡಿ ಸೇವೆ ಕೊಡುವ ಪ್ರದೇಶಗಳನ್ನಷ್ಟೇ ತೋರಿಸಬಹುದು. 20 ಊರುಗಳವರೆಗೆ ಸೇರಿಸಬಹುದು. ನಂಬರ್‌ಗೆ ಎರಡನೇ ಸಿಮ್ ಬಳಸಿ. ಡ್ಯುಯಲ್ ಸಿಮ್ ಫೋನಿನಲ್ಲಿ ಸಾಮಾನ್ಯ ವಾಟ್ಸಾಪ್ ಒಂದು ನಂಬರಿಗೆ, ವಾಟ್ಸಾಪ್ ಬಿಸಿನೆಸ್ ಇನ್ನೊಂದಕ್ಕೆ, ಎರಡೂ ಒಂದೇ ಫೋನಿನಲ್ಲಿ ನಡೆಯುತ್ತವೆ. ವ್ಯಾಪಾರದ ಖಾತೆಗೆ ಮನೆಯವರ ಫೋಟೋ ಬೇಡ, ಕೌದಿಯ ಫೋಟೋ ಇರಲಿ. ರಾತ್ರಿ 8ರ ನಂತರ ತಾನಾಗಿ ಹೋಗುವ ಸಂದೇಶ ಇಡಿ: "ನಮಸ್ಕಾರ್ರೀ, ಬೆಳಿಗ್ಗೆ 9ಕ್ಕೆ ಉತ್ತರ ಕೊಡ್ತೀವಿ." ಅಸಭ್ಯವಾಗಿ ಮಾತಾಡಿದವರನ್ನು ಒಂದೇ ಸಲಕ್ಕೆ ಬ್ಲಾಕ್ ಮಾಡಿ. ಗಿರಾಕಿ ಕಳೆದುಕೊಂಡೆವು ಎಂಬ ಅಳುಕು ಬೇಡ, ಅವರು ಗಿರಾಕಿಯೇ ಅಲ್ಲ.

ವಾಟ್ಸಾಪ್ ಬಿಸಿನೆಸ್‌ನಿಂದ ಹೆಚ್ಚಿಗೆ ಏನು ಸಿಗುತ್ತದೆ?

ಕ್ಯಾಟಲಾಗ್ ಸಿಗುತ್ತದೆ. 500 ವಸ್ತುಗಳವರೆಗೆ, ಒಂದೊಂದಕ್ಕೆ 10 ಫೋಟೋವರೆಗೆ, ಬೆಲೆ ಸಮೇತ ಹಾಕಿಡಬಹುದು. ಗಿರಾಕಿ ಕೇಳಿದಾಗ ಗ್ಯಾಲರಿಯಲ್ಲಿ ಹುಡುಕುತ್ತಾ ಕೂರದೆ ಒಂದು ಲಿಂಕ್ ಕಳಿಸಿದರೆ ಮುಗಿಯಿತು. ಮೊದಲಿಗೆ 12 ವಸ್ತು ಸಾಕು. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಿ: ಗೊಂಬೆ 7, ಸೀರೆ 11. "ಆ ಕೆಂಪನೆಯದು" ಎಂದು ಫೋನಿನಲ್ಲಿ ಹೇಳಿದ್ದು ಬೇರೆ, ಕಳಿಸಿದ್ದು ಬೇರೆ ಆಗುವ ಜಗಳ ಇದರಿಂದ ತಪ್ಪುತ್ತದೆ.

ಒಂದೇ ಉತ್ತರವನ್ನು ಹತ್ತು ಸಲ ಟೈಪ್ ಮಾಡದಂತೆ ಕ್ವಿಕ್ ರಿಪ್ಲೈ ಇದೆ. ಒಂದು ಮಾದರಿ: "ನಮಸ್ಕಾರ್ರೀ. ಈ ಗೊಂಬೆ ಹಗುರ ಮರದ್ದು, 9 ಇಂಚು ಎತ್ತರ, ₹850. ಅಂಚೆ ಖರ್ಚು ಬೇರೆ. ರೆಡಿ ಇದ್ದರೆ 2 ದಿನಕ್ಕೆ ಕಳಿಸ್ತೀವಿ, ಹೊಸದಾಗಿ ಮಾಡಬೇಕಾದರೆ 20 ದಿನ ಬೇಕು. ಪಿನ್‌ಕೋಡ್ ಹೇಳ್ರಿ." ಕೊನೆಯ ಪ್ರಶ್ನೆ ಮುಖ್ಯ. ಪಿನ್‌ಕೋಡ್ ಕೊಟ್ಟವರು ಕೊಳ್ಳುವ ಮನಸ್ಸಿನವರು.

ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಮುಟ್ಟಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಪಾರ್ಸಲ್ ಜೊತೆ "ನಮ್ಮ ನಂಬರ್ ಸೇವ್ ಮಾಡಿಕೊಳ್ರಿ, ಹೊಸ ಗೊಂಬೆ ಬಂದಾಗ ತಿಳಿಸ್ತೀವಿ" ಎಂಬ ಚೀಟಿ ಇಡಿ. ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬೇಡಿ. ನಾಲ್ಕಾರು ಜನ ದೂರು ಒತ್ತಿದರೆ ನಂಬರೇ ಬಂದ್ ಆಗಬಹುದು, ಅದರ ಜೊತೆ ಇಷ್ಟು ದಿನ ಗಳಿಸಿದ ಗಿರಾಕಿಗಳೂ ಹೋಗುತ್ತಾರೆ.

ಬೆಲೆ ಬಹಿರಂಗವಾಗಿ ಹಾಕಬೇಕೇ? ಪಕ್ಕದವರು ನೋಡಿ ಕಡಿಮೆ ಮಾಡುತ್ತಾರೆ.

ಹಾಕಿ. "ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ" ಎಂದು ಬರೆದರೆ ನಾಚಿಕೆ ಸ್ವಭಾವದ ಗಿರಾಕಿ ಕೇಳುವುದೇ ಇಲ್ಲ. ಪಕ್ಕದವರಿಗೆ ನಿಮ್ಮ ಬೆಲೆ ಹೇಗೂ ಗೊತ್ತಿರುತ್ತದೆ.

ಇಲ್ಲಿ ಹೆಚ್ಚು ಪೆಟ್ಟು ಕೊಡುವುದು ಸಾಗಣೆಯ ಲೆಕ್ಕ. ಬಹುಪಾಲು ಕೊರಿಯರ್‌ಗಳು ತೂಕದ ಜೊತೆ ಡಬ್ಬದ ಗಾತ್ರವನ್ನೂ ನೋಡುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ರಿಂದ ಭಾಗಿಸುತ್ತಾರೆ. 30, 25, 20 ಸೆಂ.ಮೀ. ಡಬ್ಬವಾದರೆ 3 ಕಿಲೋ ಎಂದೇ ಲೆಕ್ಕ, ಒಳಗಿನ ಗೊಂಬೆ 600 ಗ್ರಾಂ ಇದ್ದರೂ ಸರಿ. ಹಗುರ ಮರದ ಗೊಂಬೆಗೆ ಇದು ನೇರ ನಷ್ಟ. ಗೊಂಬೆಯ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಅದಕ್ಕೆ ಒಪ್ಪುವ ಡಬ್ಬ ಹುಡುಕಿ, ಅಂಚೆ ಕಚೇರಿಯಲ್ಲೂ ಕೊರಿಯರ್‌ನಲ್ಲೂ ದರ ಕೇಳಿ, ಆಮೇಲೆ ಬೆಲೆ ಬರೆಯಿರಿ.

ಫೋಟೋ ಚೆನ್ನಾಗಿ ಬರುವುದಿಲ್ಲ. ಒಳ್ಳೆಯ ಫೋನೇ ಬೇಕೇ?

ಬೇಡ. ಬೆಳಕು ಬೇಕು. ಕೊಪ್ಪಳದ ನಡುಹಗಲ ಬಿಸಿಲಿನಲ್ಲಿ ಇಟ್ಟರೆ ಗೊಂಬೆಯ ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಕಪ್ಪು. ಒಳಗೆ ಬಲ್ಬಿನ ಕೆಳಗೆ ತೆಗೆದರೆ ಎಲ್ಲವೂ ಹಳದಿ. ಬೆಳಿಗ್ಗೆ 8ರಿಂದ 10ರ ನಡುವೆ ನೇರ ಬಿಸಿಲು ಬೀಳದ ಬಾಗಿಲ ಪಕ್ಕ ಅಥವಾ ಪಡಸಾಲೆಯಲ್ಲಿ, ಬಲ್ಬು ಆರಿಸಿ ತೆಗೆಯಿರಿ. ಬೆಳಕು ಒಂದು ಪಕ್ಕದಿಂದ ಬರಲಿ, ಎದುರು ಪಕ್ಕಕ್ಕೆ ಬಿಳಿ ಕಾಗದವೋ ಬಿಳಿ ಧೋತರವೋ ಹಿಡಿದರೆ ನೆರಳು ತೆಳುವಾಗುತ್ತದೆ. ತೆಗೆಯುವ ಮುಂಚೆ ಕ್ಯಾಮೆರಾದ ಗಾಜನ್ನು ಹತ್ತಿ ಬಟ್ಟೆಯಿಂದ ಒರೆಸಿ. ಮಸುಕಾದ ಫೋಟೋಗಳಿಗೆ ಬಹಳ ಸಲ ಬೆರಳಿನ ಜಿಡ್ಡೇ ಕಾರಣ. ಜೂಮ್ ಮಾಡದೆ ಹತ್ತಿರ ಹೋಗಿ.

ಹಿನ್ನೆಲೆ ಸಾದಾ ಇರಲಿ. ಗೊಂಬೆಯಲ್ಲೇ ಅಷ್ಟು ಬಣ್ಣವಿರುವಾಗ ಹಿಂದೆ ಹೂವಿನ ಬೆಡ್‌ಶೀಟ್ ಬೇಡ. ಗಾರೆ ಗೋಡೆ, ಬಿಳಿ ಅಥವಾ ಕಂದು ಬಟ್ಟೆ ಸಾಕು.

ಒಂದು ವಸ್ತುವಿಗೆ ಐದು ಫೋಟೋ: ಎದುರು, ಹಿಂದೆ, ಕೆಲಸ ಕಾಣುವಷ್ಟು ಹತ್ತಿರದಿಂದ ಒಂದು, ಕೈಯಲ್ಲಿ ಹಿಡಿದದ್ದು, ಮನೆಯಲ್ಲಿ ಇಟ್ಟಾಗ ಕಾಣುವ ಹಾಗೆ ಒಂದು. ಕೈಯಲ್ಲಿ ಹಿಡಿದ ಫೋಟೋ ಬಿಡಲೇಬೇಡಿ. "ಇಷ್ಟು ಸಣ್ಣದಿದೆ ಅಂತ ಗೊತ್ತಿರಲಿಲ್ಲ" ಎಂದು ವಾಪಸ್ ಬರುವ ಪಾರ್ಸಲ್‌ಗಳನ್ನು ಅದು ತಡೆಯುತ್ತದೆ. ಇಳಕಲ್ ಸೀರೆಗೆ ಸೆರಗಿನ ತೋಪ್ ತೆನೆ ವಿನ್ಯಾಸ ಪೂರ್ತಿ ಹರಡಿದ ಫೋಟೋ, ದಡಿ ಹತ್ತಿರದಿಂದ, ಸೆರಗು ಮೈಗೆ ಕೂಡುವ ಕೊಂಡಿಯ ಜಾಗ, ಇವು ಮೂರೂ ಬೇಕು. ತಿಳಿದವರು ಕೊಂಡಿ ನೋಡಿಯೇ ತೀರ್ಮಾನಿಸುತ್ತಾರೆ. ಕೌದಿಯದಾದರೆ ಹಿಂಬದಿ ತೋರಿಸಿ, ಹೊಲಿಗೆಯ ಸಾಲು ಅಲ್ಲೇ ಕಾಣುವುದು.

ಬಣ್ಣ ಹೆಚ್ಚಿಸುವ ಫಿಲ್ಟರ್ ಬೇಡವೇ ಬೇಡ. ಫೋಟೋದ ಬಣ್ಣ ಬೇರೆ, ಸೀರೆಯ ಬಣ್ಣ ಬೇರೆ ಆದರೆ ನಂಬಿಕೆ ಹೋಗುತ್ತದೆ.

ಫೋಟೋ ಜೊತೆ ಏನು ಬರೆಯಬೇಕು?

ಹುಡುಕುವವರು ಟೈಪ್ ಮಾಡುವ ಶಬ್ದಗಳು ಅದರಲ್ಲಿ ಇರಬೇಕು. ಕಿನ್ನಾಳವನ್ನು ಕೆಲವರು ಕಿನ್ಹಾಳ ಎಂದು ಹುಡುಕುತ್ತಾರೆ. ಇಂಗ್ಲಿಷಿನಲ್ಲಿಯೂ ಎರಡು ಎನ್ ಹಾಕುವವರು, ಒಂದು ಎನ್ ಮುಂದೆ ಎಚ್ ಹಾಕುವವರು ಇದ್ದಾರೆ. ಎಲ್ಲ ಬರವಣಿಗೆಗಳೂ ವಿವರಣೆಯಲ್ಲಿ ಒಂದೊಂದು ಸಲ ಬರಲಿ. ಕನ್ನಡದಲ್ಲಿ ನಾಲ್ಕು ಸಾಲು, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಹಾಕಿ. ಹ್ಯಾಶ್‌ಟ್ಯಾಗ್ ಮೂರರಿಂದ ಐದು ಸಾಕು: ಕಸುಬಿನ ಹೆಸರು, ಊರಿನ ಹೆಸರು, ವಸ್ತುವಿನ ಹೆಸರು.

"ಸುಂದರ ಗೊಂಬೆ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಗುರ ಮರ ಕೆತ್ತಿ, ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟದಿಂದ ಭಾಗಗಳನ್ನು ಕೂಡಿಸಿ, ಆಮೇಲೆ ಬಣ್ಣ ಕೊಡುತ್ತಾರೆ ಎಂದು ಬರೆದರೆ ₹850 ಏಕೆ ಎಂಬ ಪ್ರಶ್ನೆ ಅಲ್ಲೇ ಕರಗುತ್ತದೆ. ನಿಮಗೆ ಇದು ದಿನನಿತ್ಯದ ಕೆಲಸ, ಹೇಳುವಂಥದ್ದೇನಿದೆ ಎನಿಸಬಹುದು. ಬೆಂಗಳೂರಿನ ಗಿರಾಕಿ ಇದನ್ನು ಮೊದಲ ಸಲ ಕೇಳುತ್ತಿರುತ್ತಾರೆ.

ಜೊತೆಗೆ ಅಳತೆ, ತೂಕ, ತೊಳೆಯಬಹುದೇ, ಎಷ್ಟು ದಿನ ಬೇಕು, ಇಷ್ಟು ಇರಲಿ. ಸೀರೆಯಾದರೆ ಕೈಮಗ್ಗವೋ ವಿದ್ಯುತ್ ಮಗ್ಗವೋ, ಸೆರಗು ರೇಷ್ಮೆಯೋ ಆರ್ಟ್ ಸಿಲ್ಕ್ ಎನ್ನುವ ಕೃತಕ ರೇಷ್ಮೆಯೋ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮಷಿನ್ ಕಸೂತಿಯನ್ನು ಕೈಕಸೂತಿ ಎಂದು ಮಾರಿದರೆ ಆ ಒಬ್ಬ ಗಿರಾಕಿಯ ಜೊತೆಗೆ ನಿಜವಾಗಿ ಕೈಯಲ್ಲಿ ಹೊಲಿಯುವ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳಿಗೂ ಮೋಸ ಮಾಡಿದಂತೆ.

ರೀಲ್ಸ್ ಮಾಡಲು ಮಾತಾಡಬೇಕೇ, ಮುಖ ತೋರಿಸಬೇಕೇ?

ಎರಡೂ ಬೇಡ, ಕೈ ಸಾಕು. ಫೋನನ್ನು ಉದ್ದಕ್ಕೆ ನಿಲ್ಲಿಸಿ, ಎರಡು ಇಟ್ಟಿಗೆಗಳ ನಡುವೆ ಒರಗಿಸಿ. ಮೊದಲ ಎರಡು ಸೆಕೆಂಡಿನಲ್ಲಿ ಮುಗಿದ ಗೊಂಬೆ, ಆಮೇಲೆ ಹದಿನೈದು ಸೆಕೆಂಡು ಮಾಡುವ ಕೆಲಸ, ಕೊನೆಗೆ ಕೈಯಲ್ಲಿ ಹಿಡಿದ ಗೊಂಬೆ, ಬೆಲೆ, ಊರಿನ ಹೆಸರು. ಜನ ನಿಂತು ನೋಡುವುದು ರೂಪ ಬದಲಾಗುವ ಕ್ಷಣವನ್ನು: ಬೋಳು ಮರಕ್ಕೆ ಕಣ್ಣು ಬರೆಯುವುದು, ಹಳೆ ಸೀರೆಯ ತುಂಡುಗಳು ಕೌದಿಯ ಚೌಕವಾಗುವುದು.

ಇನ್‌ಸ್ಟಾಗ್ರಾಂನ ಬಿಸಿನೆಸ್ ಖಾತೆಗಳಿಗೆ ಸಿನಿಮಾ ಹಾಡುಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಬೇರೆ ದಾರಿಯಲ್ಲಿ ಸೇರಿಸಿದರೆ ಧ್ವನಿಯನ್ನೇ ತೆಗೆದುಹಾಕಬಹುದು. ಮಗ್ಗದ ಲಟಪಟ, ಉಳಿಯ ಸದ್ದು ಹಾಗೇ ಇರಲಿ, ಅದಕ್ಕೆ ಯಾರ ಹಕ್ಕಿನ ತಕರಾರೂ ಇಲ್ಲ. ಅದೇ ವಿಡಿಯೋವನ್ನು ಯೂಟ್ಯೂಬ್ ಶಾರ್ಟ್ಸ್‌ಗೂ ಹಾಕಿ. ಅಲ್ಲಿ 3 ನಿಮಿಷದವರೆಗೆ ಅವಕಾಶವಿದೆ, ಹುಡುಕಿ ಬರುವವರಿಗೆ ಹಳೆಯ ವಿಡಿಯೋಗಳೂ ಸಿಗುತ್ತವೆ.

ಊರಲ್ಲಿ ನೆಟ್‌ವರ್ಕ್ ಸರಿ ಇಲ್ಲ.

ಬೆಳಿಗ್ಗೆ 6ಕ್ಕೆ ಮುಂಚೆ ಏರಿಸಿ. ವಿಡಿಯೋದ ಗುಣಮಟ್ಟವನ್ನು 1080ರ ಬದಲು 720ಕ್ಕೆ ಇಳಿಸಿ ಉಳಿಸಿ, ಫೈಲ್ ಸಣ್ಣದಾಗುತ್ತದೆ.

ಫೇಸ್‌ಬುಕ್ ಗ್ರೂಪ್‌ಗಳಲ್ಲಿ ಹಾಕಿದರೆ ತೆಗೆದುಬಿಡುತ್ತಾರೆ. ಏಕೆ?

ಎರಡು ಕಾರಣ. ಗ್ರೂಪಿನ ನಿಯಮ ಓದಿರುವುದಿಲ್ಲ. ಮಾರಾಟದ ಪೋಸ್ಟಿಗೆ ವಾರದಲ್ಲಿ ಒಂದೇ ದಿನ ಅವಕಾಶ ಕೊಡುವ ಗ್ರೂಪುಗಳಿವೆ. ಇಲ್ಲವೇ ಒಂದೇ ಪಠ್ಯವನ್ನು ಒಂದೇ ಗಂಟೆಯಲ್ಲಿ ಇಪ್ಪತ್ತು ಕಡೆ ಅಂಟಿಸಿದಾಗ ಫೇಸ್‌ಬುಕ್ ಅದನ್ನು ಸ್ಪ್ಯಾಮ್ ಎಂದು ಹಿಡಿಯುತ್ತದೆ. ಉತ್ತರ ಕರ್ನಾಟಕದಿಂದ ಹೊರಗೆ ನೆಲೆಸಿದವರ ಗ್ರೂಪು, ಕೈಮಗ್ಗದ ಸೀರೆ ಪ್ರೀತಿಸುವವರ ಗ್ರೂಪು, ಹೀಗೆ ಮೂರ್ನಾಲ್ಕು ಆರಿಸಿಕೊಳ್ಳಿ. ಮೊದಲು ಎರಡು ವಾರ ಬೇರೆಯವರ ಪ್ರಶ್ನೆಗಳಿಗೆ ಉತ್ತರ ಕೊಡಿ. ನಕಲಿ ಇಳಕಲ್ ಗುರುತಿಸುವುದು ಹೇಗೆ ಎಂದು ಯಾರಾದರೂ ಕೇಳಿದಾಗ ನೇಯುವವರೇ ಉತ್ತರಿಸಿದರೆ ಅದಕ್ಕಿಂತ ದೊಡ್ಡ ಪ್ರಚಾರ ಇಲ್ಲ.

ಯಾವ ಕಾಲಕ್ಕೆ ಏನು ಹಾಕಬೇಕು?

ಹಬ್ಬದ ವಾರದಲ್ಲಿ ಹಾಕಿದರೆ ತಡವಾಯಿತು ಎಂದೇ ಲೆಕ್ಕ. ಮೈಸೂರು, ಬೆಂಗಳೂರು ಕಡೆ ದಸರೆಗೆ ಗೊಂಬೆ ಕೂರಿಸುವವರು ಒಂದೂವರೆ ತಿಂಗಳ ಮುಂಚಿನಿಂದಲೇ ಹೊಸ ಗೊಂಬೆ ಹುಡುಕುತ್ತಾರೆ. ನೀವು ಮಾಡಲು ಮೂರು ವಾರ, ಅಂಚೆಗೆ ಒಂದು ವಾರ ಬೇಕು. ಆದ್ದರಿಂದ ಶ್ರಾವಣದಲ್ಲೇ ದಸರೆಯ ಗೊಂಬೆ ತೋರಿಸಲು ಶುರು ಮಾಡಿ, ಕೊನೆಯ ಆರ್ಡರಿನ ದಿನಾಂಕವನ್ನೂ ಬರೆಯಿರಿ. ಸೀರೆಗೆ ನಾಗರಪಂಚಮಿ, ದೀಪಾವಳಿ, ಮದುವೆ ಕಾಲ. ಕೌದಿಗೆ ಕಾರ್ತಿಕದ ಚಳಿ. ಬಾಣಂತನದ ಸಣ್ಣ ಕೌದಿಗೆ ಕಾಲವೇ ಇಲ್ಲ, ವರ್ಷವಿಡೀ ಬೇಕು. ಸನ್ಮಾನದ ಉಡುಗೊರೆಗೆ ನವೆಂಬರ್ 1ರ ರಾಜ್ಯೋತ್ಸವ. ಸಂಘ ಸಂಸ್ಥೆಗಳಿಗೆ ಸೆಪ್ಟೆಂಬರಿನಲ್ಲೇ ಕ್ಯಾಟಲಾಗ್ ಲಿಂಕ್ ಕಳಿಸಿ.

ಸರ್ಕಾರದ ಕಡೆಯಿಂದ ಉಚಿತವಾಗಿ ಮಾರುವ ಜಾಗ ಇದೆಯೇ?

ಕೇಂದ್ರ ಜವಳಿ ಸಚಿವಾಲಯದ ಇಂಡಿಯಾ ಹ್ಯಾಂಡ್‌ಮೇಡ್ ಎಂಬ ಜಾಲತಾಣವಿದೆ. ಕೈಮಗ್ಗ ಮತ್ತು ಕರಕುಶಲ ವಸ್ತು ಮಾಡುವವರು ನೇರವಾಗಿ ಮಾರಬಹುದು, ಕಮಿಷನ್ ಇಲ್ಲ. ಕರಕುಶಲಿಗರು ಮೊದಲು ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಿಂದ ಪೆಹಚಾನ್ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು.

ಗೊಂಬೆ ಮಾಡುವವರಿಗೆ ಈ ಚೀಟಿಯಿಂದ ಇನ್ನೊಂದು ದೊಡ್ಡ ಉಪಯೋಗವಿದೆ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಗುರುತು ಕಡ್ಡಾಯ. ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ, ಹಾಗೆಯೇ ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಭೌಗೋಳಿಕ ಗುರುತಿನ (ಜಿಐ) ನೋಂದಾಯಿತ ಬಳಕೆದಾರರಿಗೆ ವಿನಾಯಿತಿ ಇದೆ. ಮಾರಾಟ ತಾಣದವರು ಬಿಐಎಸ್ ಪ್ರಮಾಣಪತ್ರ ಕೇಳಿ ಗೊಂಬೆಯನ್ನು ತಡೆಹಿಡಿದರೆ ಈ ನೋಂದಣಿಯ ದಾಖಲೆಯನ್ನೇ ಕಳಿಸಿ.

ಕಿನ್ನಾಳ ಗೊಂಬೆ, ಇಳಕಲ್ ಸೀರೆ, ಸಂಡೂರು ಲಂಬಾಣಿ ಕಸೂತಿ ಮೂರಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಊರಿಗೆ ಸಿಕ್ಕ ಮಾತ್ರಕ್ಕೆ ಎಲ್ಲರೂ ಆ ಮುದ್ರೆ ಹಾಕುವಂತಿಲ್ಲ. ಅಧಿಕೃತ ಬಳಕೆದಾರರೆಂದು ಚೆನ್ನೈನಲ್ಲಿರುವ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಸಂಘದ ಮೂಲಕ ಒಟ್ಟಿಗೆ ಹಾಕುವುದು ಸುಲಭ.

ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿಯೂ ಉಚಿತ. ಸರ್ಕಾರಿ ತಾಣದಂತೆ ಕಾಣುವ ಖಾಸಗಿ ತಾಣಗಳು ಅದಕ್ಕೂ ದುಡ್ಡು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಐಎನ್ ಇದೆಯೇ ನೋಡಿ.

ಜಿಎಸ್‌ಟಿ ಇಲ್ಲದೆ ಆನ್‌ಲೈನ್‌ನಲ್ಲಿ ಮಾರಬಹುದೇ?

ವಹಿವಾಟು ಮಿತಿಯೊಳಗಿದ್ದರೆ ರಾಜ್ಯದೊಳಗೆ ಮಾರಬಹುದು. ಇ-ಕಾಮರ್ಸ್ ತಾಣಗಳ ಮೂಲಕ ಹೀಗೆ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆಯಬೇಕು. ಹೊರರಾಜ್ಯಕ್ಕೆ ಕಳಿಸುವ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ ಬೇರೆ ವಿನಾಯಿತಿ ಮತ್ತು ಷರತ್ತುಗಳಿವೆ. ನಿಮ್ಮ ವಸ್ತು ಪಟ್ಟಿಯಲ್ಲಿದೆಯೇ ಎಂದು ತೆರಿಗೆ ಸಲಹೆಗಾರರಲ್ಲಿ ಒಮ್ಮೆ ಕೇಳಿ.

ಖಾತೆಯನ್ನು ಅಣ್ಣನ ಮಗ ನೋಡಿಕೊಳ್ಳುತ್ತಾನೆ. ತೊಂದರೆ ಇದೆಯೇ?

ಅವನು ನೋಡಿಕೊಳ್ಳಲಿ, ಒಡೆತನ ನಿಮ್ಮದಿರಲಿ. ಹುಡುಗ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ನಂಬರ್ ಬದಲಿಸಿದಾಗ ಪಾಸ್‌ವರ್ಡ್ ಮರಳಿ ಪಡೆಯುವ ಒಟಿಪಿ ಹಳೆಯ ನಂಬರಿಗೇ ಹೋಗುತ್ತದೆ. ಸಾವಿರಾರು ಜನ ಹಿಂಬಾಲಿಸುವ ಪುಟಗಳು ಹೀಗೆ ಕೈತಪ್ಪುತ್ತವೆ. ಇಮೇಲ್ ಮತ್ತು ಸಿಮ್ ಕಸುಬುದಾರರ ಹೆಸರಿನಲ್ಲೇ ಇರಬೇಕು. ಗೂಗಲ್ ಪ್ರೊಫೈಲ್‌ನಲ್ಲಿ ನೀವು ಮಾಲೀಕರಾಗಿದ್ದು ಹುಡುಗನನ್ನು ವ್ಯವಸ್ಥಾಪಕನಾಗಿ ಸೇರಿಸಬಹುದು. ಎರಡು ಹಂತದ ಭದ್ರತೆ ಹಾಕಿ, ಪಾಸ್‌ವರ್ಡನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಒಳ್ಳೆಯ ವಿಮರ್ಶೆ ಬರೆಸುವುದು ಹೇಗೆ?

ಕೇಳಿ, ಅಷ್ಟೆ. ಪಾರ್ಸಲ್ ಮುಟ್ಟಿದ ಮರುದಿನ "ಗೊಂಬೆ ಚೆನ್ನಾಗಿ ತಲುಪಿತೇನ್ರೀ?" ಎಂದು ವಿಚಾರಿಸಿ, ಹೌದೆಂದ ಮೇಲೆ ಗೂಗಲ್ ವಿಮರ್ಶೆಯ ಲಿಂಕ್ ಕಳಿಸಿ. ಮನೆಯಲ್ಲಿಟ್ಟ ಫೋಟೋ ಸೇರಿಸಲು ಹೇಳಿ. ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ನೆಂಟರಿಂದ ಒಂದೇ ದಿನ ಹದಿನೈದು ವಿಮರ್ಶೆ ಬರೆಸಿದರೆ ಅವು ಮಾಯವಾಗುವ ಸಾಧ್ಯತೆಯೇ ಹೆಚ್ಚು. ಕೆಟ್ಟ ವಿಮರ್ಶೆ ಬಂದರೆ ವಾದ ಮಾಡದೆ, ಏನಾಯಿತು, ಏನು ಸರಿಪಡಿಸಿದಿರಿ ಎಂದು ಎರಡು ಸಾಲು ಬರೆಯಿರಿ. ಅದನ್ನು ಮುಂದಿನ ಗಿರಾಕಿ ಓದುತ್ತಾರೆ.

ಐವತ್ತು ಗೊಂಬೆ ಬೇಕು ಎನ್ನುತ್ತಾರೆ, ದುಡ್ಡು ಹಾಕಲು ಕ್ಯೂಆರ್ ಕೋಡ್ ಕಳಿಸುತ್ತಾರೆ. ನಂಬಬಹುದೇ?

ನಂಬಬೇಡಿ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ ಎಂದೇ ಅರ್ಥ. ಬೆಲೆ ಚೌಕಾಸಿ ಮಾಡದೆ, ಅಳತೆ ಕೇಳದೆ ದೊಡ್ಡ ಆರ್ಡರ್ ಕೊಟ್ಟು, ಸೇನೆಯವನು ಅಥವಾ ದೊಡ್ಡ ಅಧಿಕಾರಿ ಎಂದು ಹೇಳಿಕೊಂಡು, ಈಗಲೇ ಸ್ಕ್ಯಾನ್ ಮಾಡಿ ಎಂದು ಅವಸರಿಸುವವನು ಮೋಸಗಾರ. ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬೇಡಿ, ಬ್ಯಾಂಕ್ ಖಾತೆಯಲ್ಲಿ ಜಮಾ ಆಗಿದೆಯೇ ನೋಡಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ನಿಜವಾದ ದೊಡ್ಡ ಆರ್ಡರಿಗೆ ಅರ್ಧ ಮುಂಗಡ ತೆಗೆದುಕೊಳ್ಳುವುದು ಕಸುಬಿನ ರೂಢಿ, ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ಮಾಡಿದ ಮೇಲೆ ಯಾವುದರಿಂದ ವ್ಯಾಪಾರ ಬಂತು ಎಂದು ತಿಳಿಯುವುದು ಹೇಗೆ?

ಕೊಂಡ ಪ್ರತಿಯೊಬ್ಬರಿಗೂ "ನಮ್ಮನ್ನ ಎಲ್ಲಿ ನೋಡಿದ್ರಿ?" ಎಂದು ಕೇಳಿ ಪುಸ್ತಕದಲ್ಲಿ ಬರೆಯಿರಿ: ದಿನಾಂಕ, ವಸ್ತು, ಮೊತ್ತ, ಎಲ್ಲಿಂದ ಬಂದರು. ಲೈಕ್‌ಗಳನ್ನು ಎಣಿಸಬೇಡಿ. ಸಾವಿರ ಲೈಕ್ ಬಂದ ರೀಲ್‌ನಿಂದ ಒಂದೂ ಆರ್ಡರ್ ಬರದೆ, ಗೂಗಲ್ ಮ್ಯಾಪ್ ನೋಡಿ ಬಂದ ಒಂದು ಕಾರಿನವರು ಆರು ಗೊಂಬೆ ಕೊಳ್ಳುವುದು ಉಂಟು. ಮೂರು ತಿಂಗಳ ಲೆಕ್ಕ ಕೂಡಿಸಿ ನೋಡಿ, ಏನೂ ತರದ ಖಾತೆಯಲ್ಲಿ ವಾಟ್ಸಾಪ್ ನಂಬರನ್ನು ಮೇಲೆ ಅಂಟಿಸಿಟ್ಟು ಅದರ ಕೆಲಸ ನಿಲ್ಲಿಸಿ. ಪೋಸ್ಟಿನ ಕೆಳಗೆ ಕಾಣುವ ಬೂಸ್ಟ್ ಬಟನ್ ಒತ್ತಿ ದುಡ್ಡು ಹಾಕುವ ಯೋಚನೆಯನ್ನೂ ಈ ಲೆಕ್ಕ ಕೈಗೆ ಬಂದ ಮೇಲೆಯೇ ಮಾಡಿ.